ದಪ್ಪಕ್ಷರದ ಹಗುರ ನಡಿಗೆ: ಕೂಪರ್ ಬ್ಲ್ಯಾಕ್ ಇಟಾಲಿಕ್

ಬಟ್ಟೆ ಚೀಲಗಳ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವುದು ನನ್ನ ಕೆಲಸ. ಸಾಗರದ ಜೇನು ಕೃಷಿಕರೊಬ್ಬರು ‘ಮಲೆನಾಡು ಜೇನುತುಪ್ಪ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇಕೆಂದರು. ‘ಅಕ್ಷರ ದಪ್ಪಗಿರಲಿ, ಆದರೆ ಜೇನಿನ ಹಾಗೆ ಹರಿಯಲಿ’ ಎಂದರು. ಇಂಗ್ಲಿಷ್ ಸಾಲಿಗಾಗಿ ಕೂಪರ್ ಬ್ಲ್ಯಾಕ್ ಇಟಾಲಿಕ್ ಎಂಬ, ಬಲಕ್ಕೆ ವಾಲಿದ ದಪ್ಪಕ್ಷರಗಳ ಫಾಂಟಿನ ಲೈಸೆನ್ಸ್ ಕೊಂಡೆ.

ಮೈಕ್ರೋಸಾಫ್ಟ್ ಆಫೀಸಿನ ಜೊತೆ ಕೂಪರ್ ಬ್ಲ್ಯಾಕ್ ಹೇಗೂ ಬರುತ್ತದೆ, ಮತ್ತೇಕೆ ದುಡ್ಡು ಎಂದು ಮೊದಲು ನನಗೂ ಅನಿಸಿತ್ತು. ಅಲ್ಲಿರುವುದು ನೆಟ್ಟಗೆ ನಿಲ್ಲುವ ರೂಪ ಮಾತ್ರ. ಇಟಾಲಿಕ್ ಗುಂಡಿ ಒತ್ತಿದರೆ ಕಂಪ್ಯೂಟರ್ ಅದನ್ನೇ ಬಲಕ್ಕೆ ವಾಲಿಸುತ್ತದೆ, ದುಂಡಗಿನ ಅಕ್ಷರಗಳೆಲ್ಲ ಸೊಟ್ಟಗಾಗುತ್ತವೆ. ನಿಜವಾದ ಇಟಾಲಿಕ್ ಪ್ರತ್ಯೇಕವಾಗಿ ಬರೆದದ್ದು. ಮಲೆನಾಡು ಎಂದು ಇಂಗ್ಲಿಷಿನಲ್ಲಿ ಬರೆದರೆ ಸಣ್ಣ ‘ಎ’ (a) ಎರಡು ಸಲ ಬರುತ್ತದೆ. ನೆಟ್ಟಗಿನ ರೂಪದಲ್ಲಿ ಆ ಅಕ್ಷರಕ್ಕೆ ತಲೆಯ ಮೇಲೊಂದು ಕೊಕ್ಕೆ ಇದೆ, ಇಟಾಲಿಕ್‌ನಲ್ಲಿ ಕೈಬರಹದ ಹಾಗೆ ಒಂದು ಹೊಟ್ಟೆ, ಒಂದು ಬಾಲ ಅಷ್ಟೇ. ಷಿಕಾಗೊದ ಆಸ್ವಾಲ್ಡ್ ಕೂಪರ್ ಜಾಹೀರಾತುಗಳಿಗೆ ಕೈಯಲ್ಲೇ ಅಕ್ಷರ ಬರೆಯುತ್ತಿದ್ದವರು. ಅವರ ಕೂಪರ್ ಬ್ಲ್ಯಾಕ್ 1922ರಲ್ಲಿ ಅಚ್ಚುಮೊಳೆಯಾಗಿ ಬಂತು. ನೆಟ್ಟಗಿನ ರೂಪಕ್ಕಿಂತ ಈ ಇಟಾಲಿಕ್‌ನಲ್ಲೇ ಆ ಕೈಯ ಓಟ ನನಗೆ ಹೆಚ್ಚು ಕಾಣುತ್ತದೆ.

ಹತ್ತಿ ಬಟ್ಟೆಯ ಮೇಲೆ ಶಾಯಿ ತುಸು ಹರಡಿಯೇ ಹರಡುತ್ತದೆ. ಬೊಡೋನಿಯಂಥ ಫಾಂಟಿನ ಕೂದಲೆಳೆಯಷ್ಟು ತೆಳುವಾದ ಗೆರೆಗಳು ನೇಯ್ಗೆಯಲ್ಲಿ ಕಡಿದುಹೋಗುತ್ತವೆ, ಚೂಪು ಮೂಲೆಗಳು ಮೊಂಡಾಗುತ್ತವೆ. ಕೂಪರ್‌ನಲ್ಲಿ ಮೊಂಡಾಗಲು ಮೂಲೆಯೇ ಇಲ್ಲ. ಇನ್ನೂರು ಚೀಲ ಮುಗಿಯುವವರೆಗೂ ಹೆಸರಿನ ಸಾಲು ಒಂದೇ ಸಮ ಬಂತು.

ಕೆಳಗಿನ ವಿಳಾಸಕ್ಕೂ ಇದನ್ನೇ ಬಳಸಿದ್ದು ನನ್ನ ತಪ್ಪು. 9 ಪಾಯಿಂಟಿನಲ್ಲಿ ಇಂಗ್ಲಿಷಿನ ಸಣ್ಣ ‘ಇ’ (e) ಅಕ್ಷರದ ಕಣ್ಣು ಶಾಯಿ ತುಂಬಿ ಮುಚ್ಚಿಹೋಯಿತು, ಮಾದರಿಗೆಂದು ತೆಗೆದ ಆರು ಚೀಲ ಹಾಳಾದವು. ವಿಳಾಸಕ್ಕೆ ಸರಳವಾದ ಬೇರೆ ಫಾಂಟ್ ಹಾಕಿಕೊಳ್ಳಿ. ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲೂ ಇದು ಬೇಡ. ಎರಡು ಮೂರು ಪದದ ಹೆಸರು, ಬೆಲೆ, ಹಬ್ಬದ ಮಾರಾಟದ ಫಲಕ, ಇಂಥವಕ್ಕೆ ಧಾರಾಳವಾಗಿ ಬಳಸಬಹುದು.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡದ ಸಾಲು. ‘ಬಲೂ ತಮ್ಮ’ ಎಂಬ ಕನ್ನಡ ಫಾಂಟ್ ದಪ್ಪಗೆ, ದುಂಡಗೆ, ಕೂಪರ್‌ಗೆ ಒಳ್ಳೆಯ ಜೋಡಿ, ಉಚಿತವೂ ಹೌದು. ಅದರಲ್ಲಿ ಇಟಾಲಿಕ್ ಇಲ್ಲ. ಕಂಪ್ಯೂಟರಿನಲ್ಲಿ ವಾಲಿಸಿದರೆ ತಲೆಕಟ್ಟು ಬಲಕ್ಕೆ ಓಡುತ್ತದೆ, ಗೆರೆಯ ಕೆಳಗಿರುವ ಒತ್ತಕ್ಷರ ಎಡಕ್ಕೆ ಸರಿಯುತ್ತದೆ. ‘ತುಪ್ಪ’ದ ಒತ್ತು ತನ್ನ ಜಾಗವನ್ನೇ ಬಿಟ್ಟುಕೊಟ್ಟಿತ್ತು. ಆ ಸಲ ಕನ್ನಡವನ್ನು ನೆಟ್ಟಗೇ ಅಚ್ಚು ಹಾಕಿದೆ.

ಈಗ ಮತ್ತೆ ಇನ್ನೂರು ಚೀಲಕ್ಕೆ ಆರ್ಡರ್ ಬಂದಿದೆ. ಕೂಪರ್‌ನ ಓರೆಯನ್ನು ಅಳೆದು ಕಾಗದದ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಂಡು ಕುಂಚ ಹಿಡಿದಿದ್ದೇನೆ. ‘ಜೇನು’ ಸರಿಯಾಗಿ ಕೂತಿದೆ, ‘ಪ್ಪ’ವನ್ನು ಹನ್ನೊಂದನೆಯ ಸಲ ಬರೆಯುತ್ತಿದ್ದೇನೆ.