ಲಾಕ್ ನಟ್ ಬಿಚ್ಚಿಕೊಡ್ತೀವಿ ಅಂತ ಮನೆಗೇ ಬರುವವರ ಬಗ್ಗೆ ಹುಷಾರು

ಅಲಾಯ್ ವೀಲ್ ಹಾಕಿಸಿಕೊಂಡವರು ಇದನ್ನು ದಯವಿಟ್ಟು ಓದಿ. ಅದರಲ್ಲೂ ಕಳ್ಳರ ಭಯಕ್ಕೆ ಲಾಕ್ ನಟ್ (ತನ್ನದೇ ಕೀ ಇಲ್ಲದೆ ಬಿಚ್ಚಲಾಗದ ವೀಲ್ ನಟ್) ಹಾಕಿಸಿದವರು. ಅದರ ಕೀ ಕಳೆದುಹೋದರೆ ಅಥವಾ ಹಲ್ಲು ಸವೆದುಹೋದರೆ, "ಮನೆಗೇ ಬರ್ತೀವಿ, ಒಂದು ಗೀರೂ ಬೀಳದ ಹಾಗೆ ತೆಗೆದುಕೊಡ್ತೀವಿ" ಅನ್ನುವವರ ಮಾತು ನಂಬಬೇಡಿ. ಮೂರು ನಟ್ಟಿಗೆ ನಾನು ಕೊಟ್ಟಿದ್ದು 4,500 ರೂಪಾಯಿ. ಹೌದು, ಮೂರೇ. ನಾಲ್ಕನೆಯದು ಕಾರಿನಲ್ಲೇ ಉಳಿಯಿತು. ಅದರ ಜೊತೆಗೆ ಒಂದು ಸ್ಟಡ್ (ನಟ್ ಕೂರುವ ಬೋಲ್ಟ್) ಮುರಿಯಿತು, ಅಲಾಯ್ ಮೇಲೆ ಉಳಿಯ ಏಟು ಬಿತ್ತು. ಮನೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ, ನಿಮಗೆ ಹೇಳ್ತಿದ್ದೀನಿ.

ಕಾರು ಸ್ವಿಫ್ಟ್. ವೀಲಿಗೆ ನಾಲ್ಕು ನಟ್, ಅದರಲ್ಲಿ ಒಂದು ಲಾಕ್ ನಟ್. ಅಲಾಯ್ ಹಾಕಿಸಿದಾಗ ಅಂಗಡಿಯವನೇ ಒತ್ತಾಯ ಮಾಡಿ ಹಾಕಿದ್ದ. "ರಾತ್ರಿ ರೋಡಲ್ಲಿ ನಿಲ್ಲಿಸ್ತೀರ ಅಲ್ವಾ ಸರ್, ಬೆಳಗ್ಗೆ ನೋಡಿದ್ರೆ ಇಟ್ಟಿಗೆ ಮೇಲೆ ನಿಂತಿರುತ್ತೆ ಕಾರು" ಅಂದ. ಯಾರು ತಾನೇ ಬೇಡ ಅಂತಾರೆ? ಆದರೆ ಆ ಕೀ ಹಾಕಿ ಅವನ ಹುಡುಗ ನಟ್ ಬಿಗಿಸುವ ಗನ್ನಿನಲ್ಲೇ ಟರ್‍ರ್ ಅಂತ ಟೈಟ್ ಮಾಡಿದ. ಲಾಕ್ ನಟ್ಟಿಗೆ ಗನ್ ಹಿಡಿಯಲೇಬಾರದು. ಕೀಯ ಹಲ್ಲುಗಳು ತೆಳ್ಳಗಿರುತ್ತವೆ, ಗನ್ನಿನ ಏಟಿಗೆ ತಡೆಯುವುದಿಲ್ಲ. ಆಮೇಲೆ ಒಂದು ದಿನ ಟೈರ್ ಪಂಚರ್. ಡಿಕ್ಕಿಯಿಂದ ಕೀ ತೆಗೆದು ಹಾಕಿ ತಿರುಗಿಸಿದರೆ ಕಟಕ್ ಅಂತ ಜಾರಿತು. ನೋಡಿದರೆ ಹಲ್ಲು ಉದುರಿದೆ.

ಅಂಗಡಿಗೆ ಫೋನ್ ಮಾಡಿದೆ. "ಕೀ ಕಸ್ಟಮರ್ ಜವಾಬ್ದಾರಿ ಸರ್." ಬೇರೆ ಕೀ ಕೊಡಿ ಅಂದೆ. "ಪ್ಯಾಕೆಟ್ ಮೇಲೆ ಕೋಡ್ ಇರುತ್ತೆ, ಅದು ಹೇಳಿ." ಪ್ಯಾಕೆಟ್ ನೀವೇ ಹರಿದು ಬಿಸಾಕಿದ್ರಿ ಅಂದೆ. "ಹಾಗಾದ್ರೆ ಕಷ್ಟ ಸರ್. ಹೊಸ ಸೆಟ್ ತಗೊಳ್ಳಿ, ಡಿಸ್ಕೌಂಟ್ ಹಾಕಿಕೊಡ್ತೀನಿ." ಹಳೇದು ಬಿಚ್ಚದೆ ಹೊಸದನ್ನು ಎಲ್ಲಿಗೆ ಹಾಕಲಿ ಅಂತ ಕೇಳಿದ್ದಕ್ಕೆ ಫೋನ್ ಇಟ್ಟ. ಇವನ ಕಥೆ ಇಷ್ಟೇ. ಇವನೇ ಪರವಾಗಿಲ್ಲ ಅನ್ನಿಸುವಂಥ ಇನ್ನೊಬ್ಬ ಆಮೇಲೆ ಬಂದ.

ನೆಟ್‌ನಲ್ಲಿ ಹುಡುಕಿ ಒಬ್ಬನನ್ನು ಹಿಡಿದೆ. ಡೋರ್‌ಸ್ಟೆಪ್ ಸರ್ವಿಸ್ ಅಂತ ಹಾಕಿಕೊಂಡಿದ್ದ. ಮಾತು ಬೆಣ್ಣೆ. ನಟ್ಟಿಗೆ 400, ನಾಲ್ಕಕ್ಕೆ 1,600. ವಾಟ್ಸಾಪ್‌ನಲ್ಲಿ ನಾಲ್ಕೂ ನಟ್ಟಿನ ಫೋಟೋ ಕಳಿಸಿದೆ. ಹತ್ತಿರದಿಂದ, ಟಾರ್ಚ್ ಹಾಕಿ ತೆಗೆದ ಫೋಟೋ. ನಟ್ಟಿನ ಸುತ್ತ ಇರುವ ಬಳೆ ಚೆನ್ನಾಗಿಯೇ ಕಾಣುತ್ತಿತ್ತು. ಅವನು ಹೆಬ್ಬೆರಳು ತೋರಿಸಿ "ಡನ್ ಸರ್" ಅಂತ ಹಾಕಿದ. ಎಡಕ್ಕೆ ತಿರುಗಿಸಿದಷ್ಟೂ ಕಚ್ಚಿಕೊಳ್ಳುವ ಸಾಕೆಟ್ (ನಟ್ಟಿನ ಮೇಲೆ ಕೂರಿಸಿ ತಿರುಗಿಸುವ ಟೊಳ್ಳು ಟೂಲ್) ಬರುತ್ತಲ್ಲ, ಒಳಗೆ ಸುರುಳಿ ಹಲ್ಲಿರುವುದು, ಅದು ಇದೆಯಾ ಅಂತ ಕೇಳಿದೆ. "ಎಲ್ಲಾ ಇದೆ ಸರ್." ಅಲಾಯ್‌ಗೆ ಏನೂ ಆಗಲ್ಲ ಅಲ್ವಾ ಅಂದೆ. "ಏನಾದ್ರೂ ಆದ್ರೆ ನಾನೇ ಜವಾಬ್ದಾರಿ ಸರ್, ತಲೆ ಕೆಡಿಸ್ಕೋಬೇಡಿ." 800 ಅಡ್ವಾನ್ಸ್ ಫೋನ್‌ಪೇ ಮಾಡಿದೆ.

ಭಾನುವಾರ ಸ್ಕೂಟರ್‌ನಲ್ಲಿ ಬಂದ. ಟೂಲ್ ಬ್ಯಾಗ್ ಬಿಚ್ಚಿದ. ಒಂದು ಸುತ್ತಿಗೆ, ಒಂದು ಉಳಿ, ವೀಲ್ ಸ್ಪ್ಯಾನರ್, ಒಂದು ಪೈಪು, ತುಕ್ಕು ಹಿಡಿದ ಎರಡು ಸಾಕೆಟ್. ಸುರುಳಿ ಸಾಕೆಟ್ ಎಲ್ಲಿ ಅಂದೆ. "ಅದು ಬೇರೆ ಸೈಟಲ್ಲಿದೆ ಸರ್, ಇದಕ್ಕೆ ಅದೆಲ್ಲ ಬೇಡ." ಆಗಲೇ ಕಳಿಸಬೇಕಿತ್ತು ಅಂತ ಈಗ ಎಲ್ಲರೂ ಹೇಳ್ತಾರೆ. ಬಾಗಿಲಿಗೆ ಬಂದವನನ್ನು, ಅಡ್ವಾನ್ಸ್ ಇಸ್ಕೊಂಡವನನ್ನು, ಹಾಗೆ ಕಳಿಸೋಕೆ ಆಗುತ್ತಾ?

ಕೆಲಸ ಶುರು ಮಾಡಿದ. ಎದುರಿನ ಎಡಗಡೆ ವೀಲು. ಮೊದಲು ಮಾಮೂಲಿ ನಟ್ ಮೂರನ್ನೂ ಬಿಚ್ಚಿ ಪಕ್ಕಕ್ಕಿಟ್ಟ. ಜಾಕ್ ಹಾಕಿ ಕಾರು ಎತ್ತಿದ. ಆಮೇಲೆ ಲಾಕ್ ನಟ್ಟಿಗೆ ಉಳಿ ಇಟ್ಟು ಬಡಿಯತೊಡಗಿದ. ಸುತ್ತಿಗೆ ಏಟಿಗೆ ನಟ್ಟಿನ ಹೊರಗಿನ ಬಳೆ ಗಿರಗಿರ ತಿರುಗುತ್ತದೆ, ಒಳಗಿನ ನಟ್ ಅಲ್ಲಾಡುವುದಿಲ್ಲ. ಅದು ಇರುವುದೇ ಹಾಗೆ. ಕಳ್ಳ ಹೊರಗಿನಿಂದ ಸಾಕೆಟ್ ಬಡಿದು ಹಿಡಿದರೆ ಬರೀ ಬಳೆ ಸುತ್ತಲಿ ಅಂತಲೇ ಮಾಡಿರುತ್ತಾರೆ. ಒಂದೊಂದು ಏಟಿಗೂ ಉಳಿ ಜಾರಿ ಅಲಾಯ್‌ಗೆ ತಗಲುತ್ತಿತ್ತು. ನಾನು ನಿಧಾನ, ನಿಧಾನ ಅನ್ನುತ್ತಲೇ ಇದ್ದೆ. ಬಳೆ ಅರ್ಧ ಸೀಳಿತು. ನಟ್ಟಿನ ಮೇಲಿದ್ದ ಡಿಸೈನ್ ಪೂರ್ತಿ ಚಪ್ಪಟೆ. ಇನ್ನು ಒರಿಜಿನಲ್ ಕೀ ಆಕಾಶದಿಂದ ಬಿದ್ದರೂ ಕೂರುವುದಿಲ್ಲ.

ಆಗ ಸುತ್ತಿಗೆ ಕೆಳಗಿಟ್ಟ. ಬೆವರು ಒರೆಸಿಕೊಂಡ. ನೀರು ಕೇಳಿದ, ಕೊಟ್ಟೆ. ಕುಡಿದು, ಲೋಟ ವಾಪಸ್ ಕೊಡುತ್ತಾ ಹೇಳಿದ: "ಸರ್, ಇದು ಸುತ್ತ ಬಳೆ ಇರೋ ಕಾಲರ್ ನಟ್ಟು. ಇದರ ರೇಟೇ ಬೇರೆ. ಒಂದಕ್ಕೆ ಸಾವಿರದೈನೂರು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ನಾಲ್ಕಕ್ಕೆ 1,500 ಅಂತಿದ್ದಾನೆ, ನೂರು ರೂಪಾಯಿ ಬಿಟ್ಟ ಅಂದುಕೊಂಡೆ! ಅಲ್ಲ, ಒಂದಕ್ಕೆ.

ಫೋನ್ ತೆಗೆದು ಚಾಟ್ ತೋರಿಸಿದೆ. ಫೋಟೋ ಕಳಿಸಿದ್ದೀನಲ್ಲ, ನೀವು ನೋಡಿ ಡನ್ ಅಂದಿದ್ದೀರಲ್ಲ? ಅದಕ್ಕೆ ಅವನು ಹೇಳಿದ್ದು ನೋಡಿ. "ಫೋಟೋದಲ್ಲಿ ಅದು ತಿರುಗುತ್ತೆ ಅಂತ ಹೆಂಗೆ ಗೊತ್ತಾಗುತ್ತೆ ಸರ್? ನೀವು ವಿಡಿಯೋ ಕಳಿಸಬೇಕಿತ್ತು." ಲಾಕ್ ನಟ್ ತೆಗೆಯೋದೇ ಕಸುಬು ಅನ್ನುವವನಿಗೆ ಬಳೆ ನೋಡಿದರೆ ಗೊತ್ತಾಗಲ್ಲವಂತೆ. ಮೈಯೆಲ್ಲ ಉರಿದುಹೋಯಿತು. ಬೇಡ, ಬಿಟ್ಟು ಹೋಗಿ ಅಂದೆ.

"ಆಯ್ತು ಸರ್, ಹೀಗೇ ಬಿಟ್ಟು ಹೋಗ್ಲಾ?" ಅಂತ ವೀಲ್ ಕಡೆ ಕೈ ತೋರಿಸಿದ.

ಆಗ ಗೊತ್ತಾಯಿತು ನಾನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂತ. ಕಾರು ಜಾಕಿನ ಮೇಲೆ. ಮೂರು ನಟ್ ನೆಲದ ಮೇಲೆ. ಉಳಿದಿರುವ ಒಂದೇ ನಟ್ ಜಜ್ಜಿಹೋಗಿದೆ. ಪಕ್ಕದ ಮನೆಯವರು ಮಹಡಿಯಿಂದ ನೋಡ್ತಿದ್ದಾರೆ. ಇವನು ಬೇಕಂತಲೇ ಈ ಹಂತಕ್ಕೆ ತಂದು ರೇಟ್ ಬಾಯಿಬಿಟ್ಟ. ಮೊದಲೇ ಹೇಳಿದ್ದರೆ ನಾನು ಬೇರೆಯವರನ್ನು ಕೇಳುತ್ತಿದ್ದೆ, ಅದು ಅವನಿಗೂ ಗೊತ್ತು. ಬಳೆ ಸೀಳುವ ತನಕ ಸುಮ್ಮನಿದ್ದು ಆಮೇಲೆ ಹೇಳಿದ. ಇದನ್ನೇ ನಾನು ಮತ್ತೆ ಮತ್ತೆ ಹೇಳ್ತಿರೋದು: ಬಳೆ ಸೀಳಿದ ಮೇಲೆ ಹೇಳಿದ!

ಒಪ್ಪಿಕೊಂಡೆ. ಇನ್ನೇನು ಮಾಡಲಿ.

ಆ ನಟ್ಟೂ, ಹಿಂದಿನ ಎಡಗಡೆಯದೂ ಬಂದವು. ಬಳೆ ಒಡೆದು ಕಿತ್ತು, ಒಳಗಿನ ನಟ್ಟಿಗೆ ಸಾಕೆಟ್ ಬಡಿದು ಕೂರಿಸಿ, ಪೈಪು ಹಾಕಿ ತಿರುಗಿಸಿದ. ಮೂರನೆಯದಕ್ಕೆ ಬಂದಾಗ ಅವಸರ ಶುರುವಾಯಿತು. ಫೋನ್ ಮೇಲೆ ಫೋನ್, "ಬಂದೆ ಸರ್, ಹತ್ತೇ ನಿಮಿಷ" ಅಂತ ಇನ್ಯಾರಿಗೋ ಹೇಳ್ತಿದ್ದಾನೆ. ಪೈಪಿನ ತುದಿಗೆ ಕಾಲಿಟ್ಟು ಒದ್ದ. ಟಪ್ ಅಂತು. ಸ್ಟಡ್ಡೇ ಮುರಿದು ನಟ್ಟಿನ ಜೊತೆ ಕೈಗೆ ಬಂತು. ಏನ್ರೀ ಇದು ಅಂದೆ. ನಟ್ ಎತ್ತಿ ತೋರಿಸಿ ಹೇಳಿದ: "ನೀವು ಹೇಳಿದ್ದು ನಟ್ ತೆಗೀರಿ ಅಂತ. ನಟ್ ಬಂತಲ್ಲ ಸರ್."

ಈ ಮಾತು ರಾತ್ರಿ ಮಲಗಿದರೂ ಕಿವಿಯಲ್ಲಿ ಕೇಳುತ್ತೆ ನನಗೆ. ನಟ್ ಬಂತಲ್ಲ ಸರ್!

ಮೂರರ ದುಡ್ಡು ಎಣಿಸಿಕೊಂಡು ಹೊರಟ. ನಾಲ್ಕನೆಯದು ನಾಳೆ ಬಂದು ಮಾಡ್ತೀನಿ ಅಂದ. ಬಿಲ್ ಕೇಳಿದೆ. "ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಿಎಸ್‌ಟಿ ಎಕ್ಸ್‌ಟ್ರಾ ಆಗುತ್ತೆ ಸರ್" ಅಂದ, ನನಗೆ ಉಪಕಾರ ಮಾಡುವವನ ಹಾಗೆ. ನಾಳೆ ಬರಲಿಲ್ಲ. ಸ್ಟಡ್ಡಿನ, ಅಲಾಯ್‌ನ ಫೋಟೋ ಕಳಿಸಿದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಮತ್ತೆ ಕೇಳಿದ್ದಕ್ಕೆ "ನಿಮ್ಮ ಸ್ಟಡ್ ಮೊದಲೇ ವೀಕ್ ಇತ್ತು." ಅಲಾಯ್ ಗೀರು? "ಅದು ನಾನು ಬರೋಕೆ ಮುಂಚೆ ಇತ್ತು." ನಾನು ಕಳಿಸಿದ್ದ ಮೊದಲ ಫೋಟೋಗಳಲ್ಲಿ ಗೀರು ಎಲ್ಲಿದೆ ತೋರಿಸಿ ಅಂದೆ. "ನೆಗೆಟಿವ್ ಆಗಿ ಮಾತಾಡ್ಬೇಡಿ ಸರ್." ಆಮೇಲೆ ಬ್ಲಾಕ್.

ನಾಲ್ಕನೆಯದನ್ನು ತೆಗೆದಿದ್ದು ತುಮಕೂರಿನಿಂದ ಬಂದಿದ್ದ ನಮ್ಮ ಭಾವ. ನಮ್ಮ ಮನೆ ಮುಂದೆಯೇ. ಮೆಕ್ಯಾನಿಕ್ ಅಲ್ಲ, ಪಂಪ್‌ಸೆಟ್ ರಿಪೇರಿ ಮಾಡಿ ಕೈ ಪಳಗಿದೆ ಅಷ್ಟೇ. ಬೆಂಗಳೂರಿನ ಎಸ್‌ಜೆಪಿ ರೋಡಿನಿಂದ ಹನ್ನೆರಡು ಮೂಲೆಯ ಸಾಕೆಟ್ ತಂದೆವು, ಬಳೆಯೊಳಗಿನ ನಟ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದು. ಭಾವ ಮಾಮೂಲಿ ನಟ್‌ಗಳನ್ನು ಬಿಚ್ಚಲೇ ಇಲ್ಲ. ಬದಲಿಗೆ ಅವನ್ನು ಇನ್ನೊಂಚೂರು ಟೈಟ್ ಮಾಡಿದರು. "ಅಲ್ಲ ಕಣಯ್ಯ, ಅವು ಹಿಡ್ಕೊಂಡಿದ್ರೆ ತಾನೇ ಇದರ ಮೇಲಿನ ಭಾರ ಕಮ್ಮಿ ಆಗೋದು? ಅವನ್ನೆಲ್ಲ ಬಿಚ್ಚಿದ್ರೆ ಪೂರ್ತಿ ಬಿಗಿ ಇದೊಂದರ ಮೇಲೇ ಬೀಳುತ್ತೆ" ಅಂದರು. ಜಾಕ್ ಇಲ್ಲ, ಕಾರು ನೆಲದ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆವು. ಅಲಾಯ್ ಸುತ್ತ ದಪ್ಪ ರಟ್ಟು ಕತ್ತರಿಸಿ ಟೇಪ್ ಅಂಟಿಸಿ, ಸಣ್ಣ ಉಳಿಯಿಂದ ಬಳೆಯನ್ನು ಮಾತ್ರ ಸೀಳಿ ಇಕ್ಕಳದಲ್ಲಿ ಕಿತ್ತರು. ಸಾಕೆಟ್ ಬಡಿದು ಕೂರಿಸಿ, ಉದ್ದನೆ ಹಿಡಿಕೆ ಹಾಕಿ, ಒದೆಯದೆ ಒಂದೇ ಸಮ ಎಳೆದರು. ಕಿರ್‍ರ್ ಅಂತ ಬಿಟ್ಟುಕೊಂಡಿತು. ನಟ್ ಸಾಕೆಟ್ ಒಳಗೇ ಕಚ್ಚಿಕೊಂಡು ಬಂತು. ಹಿಂದಿನಿಂದ ಸರಳು ಹಾಕಿ ಬಡಿದು ಉದುರಿಸಬೇಕಾಯಿತು. ಸಾಕೆಟ್ ಹಾಳು, ಹೋಗಲಿ ಬಿಡಿ. 1,500ರ ಮುಂದೆ ಅದು ಯಾವ ಲೆಕ್ಕ.

ಮುರಿದ ಸ್ಟಡ್ಡನ್ನು ಗ್ಯಾರೇಜಿನಲ್ಲಿ ವೀಲ್ ಕೂರುವ ಹಬ್‌ನಿಂದ ಬಡಿದು ತೆಗೆದು ಹೊಸದು ಹಾಕಿದರು. ಮಾರುತಿ ಕಾರಿನ ಥ್ರೆಡ್ 12 ಎಂಎಂ, 1.25 ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ). ಹ್ಯುಂಡೈಗಳದು ಸಾಮಾನ್ಯವಾಗಿ 1.5. ಎರಡೂ 12 ಎಂಎಂ ಆದ್ದರಿಂದ ಅಂಗಡಿಯವರು ಒಂದರ ನಟ್ ಬದಲು ಇನ್ನೊಂದರದು ಕೊಡುತ್ತಾರೆ, ನೋಡಿ ತಗೊಳ್ಳಿ. ಅದನ್ನೇ ಗನ್ನಿನಲ್ಲಿ ತುರುಕಿದರೆ ಹೊಸ ಸ್ಟಡ್ಡೂ ಕಥೆ ಮುಗೀತು. ಈಗ ಹದಿನಾರೂ ಮಾಮೂಲಿ ನಟ್. ಕಳ್ಳ ಬಂದರೆ ಬರಲಿ, ಅವನು ಕನಿಷ್ಠ ಅಡ್ವಾನ್ಸ್ ಕೇಳಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಚಾಟ್, ಫೋನ್‌ಪೇ ರಸೀದಿ, ಮೊದಲಿನ ಫೋಟೋ ಎಲ್ಲ ಇದೆ, ಬಿಲ್ ಒಂದಿಲ್ಲ. ಏನಾಗುತ್ತೋ ನೋಡೋಣ.

ಲಾಕ್ ನಟ್ ಇರುವವರು ಇವತ್ತೇ ಡಿಕ್ಕಿ ತೆಗೆದು ಕೀ ಇದೆಯಾ, ಹಲ್ಲು ನೆಟ್ಟಗಿದೆಯಾ ನೋಡಿಕೊಳ್ಳಿ. ಕೋಡ್ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಪಂಚರ್ ಅಂಗಡಿಯಲ್ಲಿ ಆ ಒಂದು ನಟ್ಟಿಗೆ ಗನ್ ಮುಟ್ಟಿಸಲು ಬಿಡಬೇಡಿ, ಅವರು ಮುಖ ಊದಿಸಿಕೊಂಡರೂ ಸರಿ. ಯಾರನ್ನಾದರೂ ಕರೆಸಲೇಬೇಕಾದರೆ ಮೊದಲು ಬ್ಯಾಗ್ ಬಿಚ್ಚಿ ತೋರಿಸು ಅನ್ನಿ, ಆಮೇಲೆ ಕಾರು ಮುಟ್ಟಲಿ. ಗ್ಯಾಸ್ ಕಟರ್, ಬೆಂಕಿ ಅಂದರೆ ಅಲ್ಲೇ ಓಡಿಸಿ. ಟೈರ್ ಪಕ್ಕದಲ್ಲೇ ಇರುತ್ತೆ.

ಅವನ ಹೆಸರು, ನಂಬರ್ ಇಲ್ಲಿ ಹಾಕಿಲ್ಲ. ಹಾಕಿ ಪ್ರಯೋಜನವೂ ಇಲ್ಲ, ನನ್ನನ್ನು ಬ್ಲಾಕ್ ಮಾಡಿದ ಮೇಲೆ ಅದೇ ಫೋಟೋ, ಬೇರೆ ಹೆಸರು, ಬೇರೆ ನಂಬರ್‌ನಲ್ಲಿ ಮತ್ತೆ ಕಾಣಿಸಿಕೊಂಡಿದ್ದಾನೆ. "ಏನಾದ್ರೂ ಆದ್ರೆ ನಾನೇ ಜವಾಬ್ದಾರಿ ಸರ್" ಅಂತ ಫೋನಿನಲ್ಲಿ ಹೇಳಿದರೆ, ಅದನ್ನೇ ಟೈಪ್ ಮಾಡಿ ಕಳಿಸಿ ಅನ್ನಿ. ಕಾಲರ್ ನಟ್ಟಿಗೂ ಇದೇ ರೇಟಾ ಅಂತಲೂ ಬರೆಸಿಕೊಳ್ಳಿ.