ಸ್ನ್ಯಾಪ್‌ಶಾಟ್: ಮತ ಹಾಕೋದು ಸಲೀಸು, ಡೆಲಿಗೇಟ್ ಆರಿಸೋದೇ ದೊಡ್ಡ ಕೆಲಸ

ಟೋಕನ್ (ಒಂದು ಬಗೆಯ ಡಿಜಿಟಲ್ ನಾಣ್ಯ) ಇರುವವರೇ ಮತ ಹಾಕಿ ನಡೆಸುವ ಬ್ಲಾಕ್‌ಚೈನ್ ಸಂಸ್ಥೆಗೆ ಡಾವೊ ಅಂತಾರೆ. ಇಂಥ ಬಹಳಷ್ಟು ಡಾವೊಗಳ ಮತದಾನ ನಡೆಯುವುದು ಸ್ನ್ಯಾಪ್‌ಶಾಟ್ ಎಂಬ ವೆಬ್‌ತಾಣದಲ್ಲಿ. ನಾನು ಇದನ್ನು ಬಳಸುವುದು ಇಎನ್‌ಎಸ್ ಡಾವೊಗೆ. ವ್ಯಾಲೆಟ್‌ನ (ಟೋಕನ್ ನೋಡಿಕೊಳ್ಳುವ ಆ್ಯಪ್) ಉದ್ದನೆ ವಿಳಾಸದ ಬದಲು 'ಡಾಟ್ ಈಥ್' ಹೆಸರು ಕೊಡುವ ಸೇವೆ ಅದು. 2021ರ ನವೆಂಬರ್‌ನಲ್ಲಿ ಹೆಸರು ಕೊಂಡಿದ್ದವರಿಗೆಲ್ಲ ಟೋಕನ್ ಹಂಚಿದರು. ಒಟ್ಟು 10 ಕೋಟಿ ಟೋಕನ್‌ನಲ್ಲಿ ಕಾಲು ಭಾಗ ಹೀಗೆ ಬಳಕೆದಾರರ ಕೈಸೇರಿತು. ನನಗೂ ಸ್ವಲ್ಪ ಬಂತು.

ಮೊದಲು ಚೆನ್ನಾಗಿರುವುದನ್ನು ಹೇಳ್ತೀನಿ. ಮತ ಹಾಕಲು ಒಂದು ಪೈಸೆ ಖರ್ಚಿಲ್ಲ. ಪ್ರಸ್ತಾವ ಓದಿ, ಪರ, ವಿರೋಧ ಅಥವಾ ತಟಸ್ಥ ಅಂತ ಆರಿಸಿದರೆ ವ್ಯಾಲೆಟ್ ಒಂದು ಸಹಿ ಕೇಳುತ್ತದೆ. ಅದು ವಹಿವಾಟಲ್ಲ, ಬರೀ ಸಹಿ. ಹಾಗಾಗಿ ಗ್ಯಾಸ್, ಅಂದರೆ ಬ್ಲಾಕ್‌ಚೈನ್ ವಹಿವಾಟಿಗೆ ಕಟ್ಟುವ ಶುಲ್ಕ, ಬೀಳುವುದಿಲ್ಲ. ಮತಗಳ ದಾಖಲೆ ಐಪಿಎಫ್‌ಎಸ್ ಎಂಬ, ಹಲವು ಕಂಪ್ಯೂಟರ್‌ಗಳಲ್ಲಿ ಹರಡಿದ ಕಡತ ಜಾಲದಲ್ಲಿ ಉಳಿಯುತ್ತದೆ. ಗಡುವು ಮುಗಿಯುವ ಮೊದಲು ಮನಸ್ಸು ಬದಲಾದರೆ ಮತ್ತೆ ಹಾಕಬಹುದು, ಕೊನೆಯದೇ ಲೆಕ್ಕಕ್ಕೆ. ನನಗೆ ತುಂಬಾ ಹಿಡಿಸಿದ್ದು ಇದು. ಚರ್ಚೆ ಓದುತ್ತಾ ಓದುತ್ತಾ ಅಭಿಪ್ರಾಯ ಬದಲಾಗುವುದು ಸಹಜ ಅಲ್ವಾ?

ಪ್ರಸ್ತಾವದ ಪುಟದಲ್ಲಿ ಮತ ಹಾಕಿದವರ ಪಟ್ಟಿ ಇರುತ್ತದೆ. ವಿಳಾಸ, ಆಯ್ಕೆ, ಮತದ ತೂಕ ಎಲ್ಲ ಒಂದೇ ಸಾಲಿನಲ್ಲಿ. ಮೇಲಿನ ನಾಲ್ಕಾರು ಸಾಲು ನೋಡಿದರೆ ಸಾಕು, ಫಲಿತಾಂಶ ಎತ್ತ ವಾಲುತ್ತದೆ ಅಂತ ಗೊತ್ತಾಗುತ್ತದೆ. ಇಲ್ಲಿ ಒಬ್ಬರಿಗೆ ಒಂದು ಮತ ಅಲ್ಲ, ಒಂದು ಟೋಕನ್‌ಗೆ ಒಂದು ಮತ. ನಾವು ಗದಗದ ಕಡೆಯವರು. ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಯಿತು. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಮತ ಒಂದೇ. ಆ ಪದ್ಧತಿ ನೋಡಿ ಬೆಳೆದ ನನಗೆ ಈ ಪಟ್ಟಿ ಈಗಲೂ ಕಸಿವಿಸಿ ತರುತ್ತದೆ. ಆದರೆ ಒಬ್ಬರೇ ನೂರು ವ್ಯಾಲೆಟ್ ತೆರೆಯಬಹುದಾದ ಜಾಗದಲ್ಲಿ ತಲೆ ಎಣಿಸುವುದು ಸುಲಭವಲ್ಲ, ಅದನ್ನೂ ಒಪ್ಪಬೇಕು.

ಹೊಸಬರು ಎಡವುವುದು ಡೆಲಿಗೇಷನ್‌ನಲ್ಲಿ, ಅಂದರೆ ಮತದ ಬಲ ವಹಿಸುವುದರಲ್ಲಿ. ಇಎನ್‌ಎಸ್ ಇರಲಿ, ಟೋಕನ್ ವಿನಿಮಯದ ಯೂನಿಸ್ವಾಪ್ ಇರಲಿ, ಟೋಕನ್ ಸುಮ್ನೆ ವ್ಯಾಲೆಟ್‌ನಲ್ಲಿದ್ದರೆ ಮತದ ಬಲ ಸೊನ್ನೆ. ಆ ಬಲವನ್ನು ಯಾರಿಗಾದರೂ ವಹಿಸಬೇಕು, ಅವರೇ ಡೆಲಿಗೇಟ್. ನೀವೇ ಮತ ಹಾಕುವುದಾದರೆ ನಿಮಗೆ ನೀವೇ ವಹಿಸಿಕೊಳ್ಳಬೇಕು. ಇದು ಮಾತ್ರ ಬ್ಲಾಕ್‌ಚೈನ್ ಮೇಲಿನ ವಹಿವಾಟು, ಗ್ಯಾಸ್ ಕಟ್ಟಲೇಬೇಕು. ಟೋಕನ್ ನಿಮ್ಮ ಬಳಿಯೇ ಇರುತ್ತದೆ, ಯಾವಾಗ ಬೇಕಾದರೂ ಡೆಲಿಗೇಟ್ ಬದಲಿಸಬಹುದು. ಇನ್ನೊಂದು ವಿಷಯ: ಯಾರ ಬಲ ಎಷ್ಟು ಅಂತ ಲೆಕ್ಕ ಹಾಕುವುದು ಪ್ರಸ್ತಾವಕ್ಕೆ ಗೊತ್ತುಮಾಡಿದ ಒಂದು ಬ್ಲಾಕ್‌ನ, ಅಂದರೆ ಬ್ಲಾಕ್‌ಚೈನ್‌ನಲ್ಲಿ ಒಂದು ಕ್ಷಣದ, ಸ್ಥಿತಿಯ ಆಧಾರದ ಮೇಲೆ. ಮತದಾನ ಶುರುವಾದ ಮೇಲೆ ಟೋಕನ್ ಕೊಂಡರೂ, ಡೆಲಿಗೇಟ್ ಮಾಡಿದರೂ ಆ ಪ್ರಸ್ತಾವಕ್ಕೆ ಉಪಯೋಗವಿಲ್ಲ.

ಇನ್ನೊಂದು ಮಿತಿಯೂ ಇದೆ. ಸ್ನ್ಯಾಪ್‌ಶಾಟ್‌ನಲ್ಲಿ ಗೆದ್ದ ಪ್ರಸ್ತಾವ ಸಾಮಾನ್ಯವಾಗಿ ತಾನಾಗಿ ಜಾರಿಯಾಗುವುದಿಲ್ಲ. ಖಜಾನೆಯಿಂದ ಹಣ ಹೊರಡಬೇಕಾದರೆ ಇಎನ್‌ಎಸ್‌ನಲ್ಲಿ ಬ್ಲಾಕ್‌ಚೈನ್ ಮೇಲೆಯೇ ಮತದಾನ ಆಗಬೇಕು. ಆ ಪ್ರಸ್ತಾವ ಇಡಲು 1 ಲಕ್ಷ ಟೋಕನ್‌ನ ಬಲ ಬೇಕು. ನಮ್ಮಂಥ ಸಣ್ಣವರಿಗೆ ಅದು ಡೆಲಿಗೇಟ್ ಮೂಲಕವೇ ಸಾಧ್ಯ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ಗೆಳತಿಯೊಬ್ಬಳು ಕೇಳಿದಳು. ಅವಳಿಗೆ ಕಾಂಪೌಂಡ್ ಎಂಬ ಕ್ರಿಪ್ಟೊ ಸಾಲದ ಡಾವೊದ ಉದಾಹರಣೆ ಕೊಟ್ಟೆ. 2024ರ ಜುಲೈನಲ್ಲಿ ಅಲ್ಲಿನ ಖಜಾನೆಯ 4,99,000 ಕಾಂಪ್ ಟೋಕನ್‌ಗಳನ್ನು ಒಂದು ಗುಂಪು ನಡೆಸುವ ಯೋಜನೆಗೆ ಕೊಡುವ ಪ್ರಸ್ತಾವ ಬಂತು. ಪರವಾಗಿ 6,82,191, ವಿರೋಧವಾಗಿ 6,33,636. ಐವತ್ತು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಗೆದ್ದಿತು. ಗಲಾಟೆ ಎದ್ದ ಮೇಲೆ ರಾಜಿಯಾಗಿ ಅದನ್ನು ಕೈಬಿಟ್ಟರು. ಒಟ್ಟು ಕಾಂಪ್ ಟೋಕನ್ ಇರುವುದು 1 ಕೋಟಿ. ಉಳಿದವರಲ್ಲಿ ಸ್ವಲ್ಪ ಜನ ಒಳ್ಳೆ ಡೆಲಿಗೇಟ್‌ಗೆ ಬಲ ವಹಿಸಿದ್ದರೂ ಅದು ಅಲ್ಲೇ ಬಿದ್ದುಹೋಗುತ್ತಿತ್ತು.

ಹಾಗಾಗಿ ಸ್ನ್ಯಾಪ್‌ಶಾಟ್ ಬಳಸಿ ಅಂತ ಖಂಡಿತ ಹೇಳ್ತೀನಿ. ಐದಕ್ಕೆ ನಾಲ್ಕು ಅಂಕ. ನೀವು ಆರಿಸಿದ ಡೆಲಿಗೇಟ್ ಹಿಂದೆ ಯಾವುದಕ್ಕೆ ಹೇಗೆ ಮತ ಹಾಕಿದ್ದಾರೆ ಅಂತ ಪಟ್ಟಿಯಲ್ಲಿ ನೋಡಿಕೊಳ್ಳಿ. ಬಹಳ ದಿನದಿಂದ ಅವರ ಹೆಸರೇ ಕಾಣದಿದ್ದರೆ, ಮುಂದಿನ ಪ್ರಸ್ತಾವ ಬರುವ ಮೊದಲೇ ಬೇರೆಯವರಿಗೆ ಬದಲಿಸಿ.