ಸರ್ಕಾರಿ ದವಾಖಾನೆಗೆ ರೋಗಿಯ ಮಾತು ಮುಟ್ಟಿಸುವ ದಾರಿಗಳು: ಯಾವುದು ಕೆಲಸಕ್ಕೆ ಬರುತ್ತದೆ?

ಇಂಡಿ, ಸಿಂದಗಿ, ಬಸವನಬಾಗೇವಾಡಿ ಕಡೆ ಸರ್ಕಾರಿ ದವಾಖಾನೆಗೆ ಹೋಗುವ ರೋಗಿಗೆ ತನ್ನ ಮಾತು ಹೇಳಲು ಕಾಗದದ ಮೇಲೆ ದಾರಿಗಳಿಗೇನೂ ಕೊರತೆ ಇಲ್ಲ. ಸಲಹಾ ಪೆಟ್ಟಿಗೆ, 104 ಸಹಾಯವಾಣಿ, ‘ಮೇರಾ ಅಸ್ಪತಾಲ್’, ಆರೋಗ್ಯ ರಕ್ಷಾ ಸಮಿತಿ, ಊರಿನ ಆರೋಗ್ಯ ಸಮಿತಿ. ಇಲ್ಲಿ ಎಲ್ಲಕ್ಕೂ ಒಂದೇ ಅಳತೆ: ಹೇಳಿದ ಮಾತು ನಡಾವಳಿ ಪುಸ್ತಕದ (ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಪುಸ್ತಕ) ತನಕ ಹೋಗುತ್ತದೋ ಇಲ್ಲವೋ. ಪುಸ್ತಕಕ್ಕೆ ಏರದ ದೂರಿಗೆ ಕಚೇರಿಯಲ್ಲಿ ಯಾರೂ ಜವಾಬು ಕೊಡಬೇಕಾಗಿಲ್ಲ.

ಸಲಹಾ ಪೆಟ್ಟಿಗೆಗೆ 5ಕ್ಕೆ 1. ಕೇಸ್ ಪೇಪರ್ ಮಾಡಿಸುವ ಕಿಟಕಿಯ ಪಕ್ಕದಲ್ಲೇ, ಸಿಬ್ಬಂದಿಯ ಕಣ್ಣೆದುರಿಗೆ ಅದನ್ನು ತೂಗುಹಾಕಿದರೆ ನಾಳೆಯೂ ಅಲ್ಲೇ ಸೂಜಿ ಚುಚ್ಚಿಸಿಕೊಳ್ಳಬೇಕಾದವರು ಏನು ಬರೆದಾರು? ಕೀಲಿ ಯಾರ ಬಳಿ ಇದೆ, ಯಾವ ವಾರ ತೆರೆಯುತ್ತಾರೆ ಎಂದು ಪೆಟ್ಟಿಗೆಯ ಮೇಲೆ ಬರೆದಿರದಿದ್ದರೆ ಅದನ್ನು ನಂಬಿ ಕೂಡಬೇಡಿ.

‘ಮೇರಾ ಅಸ್ಪತಾಲ್’ ರೋಗಿಗಳ ಅಭಿಪ್ರಾಯ ಕೇಳಲು ಕೇಂದ್ರ ಸರ್ಕಾರ 2016ರಲ್ಲಿ ತಂದ ವ್ಯವಸ್ಥೆ. ಆಸ್ಪತ್ರೆ ಆ ಜಾಲಕ್ಕೆ ಸೇರಿದ್ದರೆ, ಚೀಟಿ ಮಾಡಿಸುವಾಗ ಕೊಟ್ಟ ನಂಬರಿಗೆ ಎಸ್ಸೆಮ್ಮೆಸ್ ಇಲ್ಲವೇ ಕರೆ ಬರುತ್ತದೆ. ಆ್ಯಪ್ ಅಥವಾ ವೆಬ್‌ಸೈಟಿನಲ್ಲಾದರೆ 7 ದಿನದೊಳಗೆ ಅಭಿಪ್ರಾಯ ಹಾಕಬೇಕು. ತೃಪ್ತಿ ಇಲ್ಲ ಎಂದರೆ ಕಾರಣ ಆರಿಸಬೇಕು: ಸಿಬ್ಬಂದಿಯ ನಡವಳಿಕೆ, ಸ್ವಚ್ಛತೆ, ಖರ್ಚು, ಚಿಕಿತ್ಸೆಯ ಗುಣಮಟ್ಟ ಹೀಗೆ. ಯೋಚನೆ ಛಲೋ ಇದೆ, ಎಡವುವುದು ನಂಬರಿನಲ್ಲಿ. ಹೆರಿಗೆಗೆ ಬಂದ ಹೆಣ್ಣುಮಗಳ ಚೀಟಿಯ ಮೇಲೆ ಇರುವುದು ಗಂಡನದೋ ಮೈದುನನದೋ ನಂಬರು. ಪ್ರಶ್ನೆ ಹೋಗುವುದು ವಾರ್ಡಿನ ಒಳಗೆ ಕಾಲಿಡದ ಮನುಷ್ಯನಿಗೆ. ಸ್ವಂತ ನಂಬರು ಇದ್ದವರು ಚೀಟಿ ಬರೆಸುವಾಗಲೇ ಅದನ್ನೇ ಹೇಳಿ, ಬರೆದದ್ದನ್ನು ಒಮ್ಮೆ ಓದಿಸಿಕೊಳ್ಳಿ. 5ಕ್ಕೆ 2.

104 ಶುರುವಾದದ್ದು 2013ರಲ್ಲಿ, ಹುಬ್ಬಳ್ಳಿಯಲ್ಲಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಂಡರೆ ಉಪಯೋಗಕ್ಕೆ ಬಂದೀತು; ಇಲ್ಲದಿದ್ದರೆ ಬರೀ ಮಾತಾಡಿ ಹಗುರಾದಂತೆ ಅಷ್ಟೆ.

ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಕೈಯಲ್ಲಿ ಹಣವೂ ಇದೆ, ಠರಾವು ಮಾಡುವ ಅಧಿಕಾರವೂ ಇದೆ. ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ಮುಖ್ಯ ವೈದ್ಯಾಧಿಕಾರಿ ಕಾರ್ಯದರ್ಶಿ. ತೊಂದರೆ ಇರುವುದೂ ಅಲ್ಲೇ: ಶಾಸಕರ ಪುರಸೊತ್ತು ಸಿಗದೆ ಸಭೆ ಮುಂದೆ ಹೋಗುತ್ತದೆ, ಸೇರಿದಾಗ ಜನರೇಟರ್, ಬಣ್ಣ, ಕಾಂಪೌಂಡಿನಲ್ಲೇ ಹೊತ್ತು ಕಳೆಯುತ್ತದೆ. ಆದರೂ ಬಿಡುವ ಹಾಗಿಲ್ಲ. ಸಭೆಗೆ ಮುಂಚೆಯೇ ಲಿಖಿತ ಅರ್ಜಿ ಕೊಟ್ಟು, ಆವಕ ನಂಬರು (ಕಚೇರಿಗೆ ಬಂದ ಕಾಗದಕ್ಕೆ ಕೊಡುವ ನಂಬರು) ಹಾಕಿಸಿ, ಕಾರ್ಯಸೂಚಿಯಲ್ಲಿ ವಿಷಯ ಸೇರಿಸಲು ಕೇಳಿದರೆ ಅದನ್ನು ನುಂಗಿಹಾಕುವುದು ಕಷ್ಟ. 5ಕ್ಕೆ 3.

ನಮ್ಮ ಪ್ರಕಾರ ಎಲ್ಲಕ್ಕಿಂತ ಗಟ್ಟಿ ದಾರಿ, ಯಾರೂ ಲೆಕ್ಕಕ್ಕೇ ಹಿಡಿಯದ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ. ರಾಷ್ಟ್ರೀಯ ಮಾರ್ಗಸೂಚಿಯಂತೆ ಕನಿಷ್ಠ 15 ಸದಸ್ಯರು, ಅರ್ಧದಷ್ಟಾದರೂ ಹೆಂಗಸರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ, ತಿಂಗಳಿಗೊಂದು ಸಭೆ. ಗರ್ಭಿಣಿಯರು, ಎಳೆಮಕ್ಕಳ ತಾಯಂದಿರು, ದೀರ್ಘಕಾಲದ ಕಾಯಿಲೆಯವರು, ಅಂದರೆ ಸರ್ಕಾರಿ ದವಾಖಾನೆಯನ್ನೇ ನೆಚ್ಚಿದವರು, ಸಮಿತಿಯಲ್ಲಿ ಇರಬೇಕು ಎಂದೂ ಅದರಲ್ಲೇ ಇದೆ. ವರ್ಷಕ್ಕೆ 10,000 ರೂಪಾಯಿ, ಸಮಿತಿಯೇ ತೀರ್ಮಾನಿಸಿ ಖರ್ಚು ಮಾಡುವ ಅನ್‌ಟೈಡ್ ಫಂಡ್. ಇದು ಬಹಳ ಕಡೆ ಬ್ಲೀಚಿಂಗ್ ಪೌಡರು, ಫಿನಾಯಿಲು, ಕುರ್ಚಿಗೆ ಮುಗಿಯುತ್ತದೆ, ಅದೂ ಮಾರ್ಚ್ ತಿಂಗಳಲ್ಲಿ, ಹಣಬಳಕೆ ಪ್ರಮಾಣಪತ್ರ ಕೊಡುವ ಗಡಿಬಿಡಿಯಲ್ಲಿ. ನಿಜಕ್ಕೂ ಬೆಲೆ ಇರುವುದು ಹಣಕ್ಕಲ್ಲ, ಮಾಹಿತಿಗೆ.

ಒಂದು ಲೆಕ್ಕ ನೋಡಿ. ಬಿಪಿ, ಸಕ್ಕರೆ ಕಾಯಿಲೆಯವರಿಗೆ ಒಮ್ಮೆಗೆ 30 ದಿನದ ಗುಳಿಗೆ ಕೊಡಬೇಕು. ಕಿಟಕಿಯಲ್ಲಿ 10 ದಿನದ್ದು ಕೊಟ್ಟು, ‘ಸ್ಟಾಕ್ ಇಲ್ರಿ, ಮುಂದಿನ ವಾರ ಬರ್ರಿ’ ಎನ್ನುತ್ತಾರೆ. ತಾಂಡಾದಿಂದ ಬರುವವರಿಗೆ ಪ್ರತಿ ಸಲ ಒಂದು ದಿನದ ಪಗಾರ ಹೋಯಿತು. ಕಂಪೌಂಡರನ್ನು ಬೈದರೆ ಬಗೆಹರಿಯುವುದಿಲ್ಲ, ಯಾಕೆಂದರೆ ಮುಂದಿನ ವರ್ಷದ ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಹೆಚ್ಚಾಗಿ ಹಿಂದಿನ ವರ್ಷದ ಖರ್ಚಿನ ಮೇಲೆ ನಿಲ್ಲುತ್ತದೆ. 60 ರೋಗಿಗಳಿಗೆ ದಿನಕ್ಕೆ 2ರಂತೆ ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ಎಂದರೆ ತಿಂಗಳಿಗೆ 3,600, ವರ್ಷಕ್ಕೆ 43,200 ಗುಳಿಗೆ. ನಾಲ್ಕು ತಿಂಗಳು ಸ್ಟಾಕೇ ಬರದಿದ್ದರೆ ರಿಜಿಸ್ಟರಿನಲ್ಲಿ ಖರ್ಚು 28,800 ಎಂದಷ್ಟೇ ಕಾಣುತ್ತದೆ. ಅದನ್ನೇ ನೋಡಿ ಇಂಡೆಂಟ್ ಹಾಕಿದರೆ ಮುಂದಿನ ವರ್ಷವೂ ಕೊರತೆ ಖಾತ್ರಿ. ಬರಿಗೈಲಿ ವಾಪಸ್ ಹೋದವರ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅದು ಗೊತ್ತಿರುವುದು ರೋಗಿಗಳಿಗೆ ಮಾತ್ರ.

ಆದ್ದರಿಂದ ಸಮಿತಿಯ ಹೆಂಗಸರು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಗೆರೆ ಹಾಕಿಕೊಳ್ಳಲಿ: ತಾರೀಖು, ಗುಳಿಗೆಯ ಹೆಸರು ಮತ್ತು ಎಂ.ಜಿ., ಎಷ್ಟು ದಿನದ್ದು ಬೇಕಿತ್ತು, ಎಷ್ಟು ದಿನದ್ದು ಸಿಕ್ಕಿತು. ರೋಗಿಯ ಹೆಸರು, ಕಾಯಿಲೆ ಬೇಡ. ಊರಲ್ಲಿ ಒಬ್ಬರ ಕಾಯಿಲೆ ಇನ್ನೊಬ್ಬರ ಬಾಯಿಗೆ ಬಿದ್ದರೆ ಮರುತಿಂಗಳಿಂದ ಯಾರೂ ಹೇಳುವುದಿಲ್ಲ. ಕೇಳುವ ಜಾಗ ದವಾಖಾನೆಯ ಒಳಗಲ್ಲ, ಹೊರಗಿನ ಬಸ್‌ಸ್ಟ್ಯಾಂಡು. ಒಳಗೆ ನರ್ಸಮ್ಮನೇ ಫಾರ್ಮ್ ಹಿಡಿದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಎಲ್ಲಾ ಛಲೋ ಐತ್ರಿ.’ ರಾಷ್ಟ್ರೀಯ ಗುಣಮಟ್ಟ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗಳು ತುಂಬಿಸುವ ರೋಗಿ ತೃಪ್ತಿ ಫಾರ್ಮುಗಳ ಅಂಕ ಚೆಂದ ಕಾಣುವುದಕ್ಕೆ ಇದೂ ಒಂದು ಕಾರಣ.

ತಿಂಗಳ ಕೊನೆಗೆ ಮೊತ್ತ ಹಾಕಿ, ‘ಇಂತಿಷ್ಟು ಮಂದಿಗೆ ಇಂಥ ಗುಳಿಗೆ ಇಷ್ಟು ದಿನದ್ದು ಕಡಿಮೆ ಬಿದ್ದಿದೆ, ಇಂಡೆಂಟ್ ಹೆಚ್ಚಿಸಬೇಕು, ಅಲ್ಲಿಯ ತನಕ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಖರೀದಿಸಬೇಕು’ ಎಂದು ಠರಾವು ಬರೆಸಿ. ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಎಂಬುದು ಅದೇ ಸಾಲಿನಲ್ಲಿರಲಿ. ಒಂದು ಪ್ರತಿ ವೈದ್ಯಾಧಿಕಾರಿಗೆ, ಒಂದು ತಾಲೂಕು ಆರೋಗ್ಯಾಧಿಕಾರಿಗೆ. ಎರಡಕ್ಕೂ ಸ್ವೀಕೃತಿ ಸಿಕ್ಕಾ ಬೇಕು. ಮುಂದಿನ ಸಭೆಯ ಮೊದಲ ವಿಷಯ ಹಿಂದಿನದರ ಅನುಪಾಲನಾ ವರದಿ, ಅಂದರೆ ಠರಾವಿನಂತೆ ಏನೇನು ಆಯಿತು ಎಂಬ ವರದಿ. ಅದನ್ನು ಓದದೆ ಚಹಾ ತರಿಸಬೇಡಿ. 5ಕ್ಕೆ 4, ಒಂದು ಅಂಕ ಕಡಿತ, ಆಶಾ ಒಬ್ಬಳ ತಲೆಯ ಮೇಲೇ ಬರಹವೆಲ್ಲ ಬೀಳುವುದಕ್ಕೆ. ತಾನು ಕೆಲಸ ಮಾಡುವ ಕೇಂದ್ರದ ವಿರುದ್ಧವೇ ಆಕೆ ಬರೆಯಬೇಕು. ಬರಹಕ್ಕೆ ಬೇರೆ ಸದಸ್ಯೆಯನ್ನು ಕೂಡಿಸಿ.

ನಡಾವಳಿ ತೋರಿಸಲು ಒಪ್ಪದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ: 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮರೆತು ನೀರು, ರಸ್ತೆ, ಗುಳಿಗೆ ಎಲ್ಲ ಒಂದರಲ್ಲೇ ತುರುಕಿದರೆ ಅರ್ಜಿ ವಾಪಸ್. ‘ಕಳೆದ ಎರಡು ಸಭೆಗಳ ನಡಾವಳಿ ಮತ್ತು ಅನುಪಾಲನಾ ವರದಿಯ ದೃಢೀಕೃತ ಪ್ರತಿ’ ಎಂದಷ್ಟೇ ಬರೆದರೆ ಸಾಕು.

ಕಬ್ಬು ಕಡಿಯಲು ಗುಳೆ ಹೋಗುವ ಊರುಗಳಲ್ಲಿ ಈ ಕೊರತೆ ಬರೆದು ಠರಾವು ಮಾಡಿಸುವ ಕೆಲಸ ದಸರೆಗೆ ಮುಂಚೆ ಮುಗಿಯಬೇಕು. ಗ್ಯಾಂಗುಗಳು ಮಹಾರಾಷ್ಟ್ರಕ್ಕೆ ಹೊರಟ ಮೇಲೆ ಸಭೆಗೆ ಬರುವವರೂ ಇಲ್ಲ, ಕೊರತೆ ಬರೆಸುವವರೂ ಇಲ್ಲ. ರಿಜಿಸ್ಟರಿನಲ್ಲಿ ಖರ್ಚು ಇನ್ನಷ್ಟು ಇಳಿದು ಕಾಣುತ್ತದೆ.